ಡ್ಯುರಾಂಡ್ ಕಪ್ ನಮ್ಮ ಬೆಟ್ಟ ಹತ್ತಿ ಬಂದ ಕಥೆ



ನಮ್ಮ ಯುವಕೂಟದಲ್ಲಿ ಫುಟ್‌ಬಾಲ್ ಮಾತು ಬಂದರೆ ಸಾಕು, ಮೂರು ಪಕ್ಷ ಆಗಿಬಿಡುತ್ತದೆ. ಮಸಿನಗುಡಿ ಕಡೆಯವರು ಬೆಂಗಳೂರು ಎಫ್‌ಸಿ ಪರ. ಗೂಡಲೂರು, ಪಂದಲೂರು ಕಡೆಯವರು ಕೇರಳ ಬ್ಲಾಸ್ಟರ್ಸ್ ಬಿಟ್ಟು ಬೇರೆ ಹೆಸರು ಕೇಳುವುದೇ ಇಲ್ಲ. ಊಟಿಯಲ್ಲಿ ಚೆನ್ನೈಯಿನ್‌ಗೆ ಕೈ ಎತ್ತುವವರೂ ಇದ್ದಾರೆ. ಇನ್ನು ಯುರೋಪಿನ ತಂಡಗಳ ವಿಷಯಕ್ಕೆ ಬಂದರೆ ಯಾವ ಆಟಗಾರ ಯಾವ ವರ್ಷ ಎಲ್ಲಿಂದ ಎಲ್ಲಿಗೆ ಹೋದ ಎಂಬುದನ್ನೂ ಬಾಯಿಪಾಠ ಒಪ್ಪಿಸುವ ತಮ್ಮಂದಿರು ನಮ್ಮಲ್ಲಿದ್ದಾರೆ.

ಇವರಿಗೆಲ್ಲ ನಾವು ಒಂದು ಪ್ರಶ್ನೆ ಕೇಳಬೇಕು. ನಮ್ಮ ನೀಲಗಿರಿ ಜಿಲ್ಲೆಯ ತಂಡ ಒಂದು ಭಾರತದ ದೊಡ್ಡ ಕಪ್ ಯಾವತ್ತಾದರೂ ಗೆದ್ದಿದೆಯೇ?

ಗೆದ್ದಿದೆ. ಒಂದು ಸಲ ಅಲ್ಲ, ಎರಡು ಸಲ. 1955ರಲ್ಲಿ ಮತ್ತು 1958ರಲ್ಲಿ ಡ್ಯುರಾಂಡ್ ಕಪ್ ಗೆದ್ದದ್ದು ಕುನ್ನೂರಿನ ಪಕ್ಕದ ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್. ಎಲ್ಲರೂ ಎಂ.ಆರ್.ಸಿ. ಎಂದು ಕರೆಯುವ ಆ ಸೇನಾ ತರಬೇತಿ ಕೇಂದ್ರದ ತಂಡ. 1955ನೇ ಇಸವಿ ನಮಗೆ ನೆನಪಿಡಲು ಸುಲಭ, ಏಕೆಂದರೆ ಮೈಸೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ನಮ್ಮ ಊಟಿ ಧರ್ಮಕ್ಷೇತ್ರ ಆರಂಭವಾದದ್ದೂ ಅದೇ ವರ್ಷ. ಆ ಕಥೆಯನ್ನು ನಾವು ಪ್ರತಿ ಹಬ್ಬದಲ್ಲೂ ಹೇಳಿಕೊಳ್ಳುತ್ತೇವೆ. ಈ ಫುಟ್‌ಬಾಲ್ ಕಥೆಯನ್ನು ಹೇಳುವವರು ಮಾತ್ರ ಕಡಿಮೆ.

ಡ್ಯುರಾಂಡ್ ಎಂದರೆ ಎಂಥ ಕಪ್?

ಏಷ್ಯಾದಲ್ಲೇ ಅತ್ಯಂತ ಹಳೆಯ ಫುಟ್‌ಬಾಲ್ ಟೂರ್ನಿ ಇದು. 1888ರಲ್ಲಿ ಶಿಮ್ಲಾ ಸಮೀಪದ ದಗಶಾಯಿ ಎಂಬ ದಂಡಿನ ಊರಿನಲ್ಲಿ ಶುರುವಾಯಿತು. ಆಗ ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡ್ಯುರಾಂಡ್ ಹೆಸರು ಇದಕ್ಕೆ ಬಂತು. ಅಫ್ಘಾನಿಸ್ತಾನದ ಗಡಿಗೆ ಡ್ಯುರಾಂಡ್ ರೇಖೆ ಅಂತಾರಲ್ಲ, ಅದೇ ಮನುಷ್ಯ. ಬೆಟ್ಟದ ಮೇಲೆ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರಿಗೆ ವ್ಯಾಯಾಮ ಮತ್ತು ಮನರಂಜನೆ ಬೇಕಿತ್ತು. ಅದಕ್ಕೆ ಈ ಟೂರ್ನಿ. ಆದ್ದರಿಂದ ಹಲವು ದಶಕ ಈ ಕಪ್ ಬ್ರಿಟಿಷ್ ಪಡೆಗಳ ಕೈಯಿಂದ ಕೈಗೆ ಓಡಾಡಿಕೊಂಡಿತ್ತು.

1940ರಲ್ಲಿ ಟೂರ್ನಿ ದೆಹಲಿಗೆ ಬಂತು. ಆ ವರ್ಷ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟ್ ವಿರುದ್ಧ 2-1ರಿಂದ ಗೆದ್ದು ಈ ಕಪ್ ಎತ್ತಿದ ಮೊದಲ ಭಾರತೀಯ ತಂಡವಾಯಿತು. ಆಮೇಲೆ ಮಹಾಯುದ್ಧ, ಅದರ ಬೆನ್ನಿಗೆ ದೇಶ ವಿಭಜನೆ. ಟೂರ್ನಿ ಮತ್ತೆ ಶುರುವಾದದ್ದು 1950ರಲ್ಲಿ. ಮೊದಲ ಐದು ವರ್ಷ ಗೆದ್ದವರು ಯಾರು ನೋಡಿ: ಹೈದರಾಬಾದ್ ಸಿಟಿ ಪೊಲೀಸ್, ಈಸ್ಟ್ ಬೆಂಗಾಲ್, ಮತ್ತೆ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮತ್ತೆ ಹೈದರಾಬಾದ್ ಸಿಟಿ ಪೊಲೀಸ್. ಸೇನೆಗಾಗಿಯೇ ಹುಟ್ಟಿದ ಟೂರ್ನಿಯಲ್ಲಿ ಸ್ವತಂತ್ರ ಭಾರತದ ಸೇನೆಯ ಒಂದು ತಂಡಕ್ಕೂ ಇನ್ನೂ ಕಪ್ ಸಿಕ್ಕಿರಲಿಲ್ಲ. ಆ ಬಾಗಿಲು ತೆರೆದವರು ನಮ್ಮ ವೆಲ್ಲಿಂಗ್ಟನ್‌ನವರು.

ಜಕ್ಕತಳದಿಂದ ವೆಲ್ಲಿಂಗ್ಟನ್

ಮಸಿನಗುಡಿಯಿಂದ ಹೊರಟರೆ ಕಲ್ಲಟ್ಟಿಯ 36 ತಿರುವು ಹತ್ತಿ ಊಟಿ. ಗೂಡಲೂರಿನಿಂದಾದರೆ ನಡುವಟ್ಟ, ಪೈಕಾರ ದಾಟಿ ಊಟಿ. ಅಲ್ಲಿಂದ ಕುನ್ನೂರು ರಸ್ತೆಯಲ್ಲಿ ಇಳಿದು ಹೋದರೆ ವೆಲ್ಲಿಂಗ್ಟನ್ ಸಿಗುತ್ತದೆ. ನಮ್ಮ ಬೆಟ್ಟದ ರೈಲಿಗೂ ಅಲ್ಲಿ ಒಂದು ನಿಲ್ದಾಣ ಇದೆ. ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದ ಊರು.

ಬ್ರಿಟಿಷರು 1850ರ ದಶಕದಲ್ಲಿ ಅಲ್ಲಿ ದೊಡ್ಡ ಬ್ಯಾರಕ್ ಕಟ್ಟಿದಾಗ ಆ ಜಾಗದ ಹೆಸರು ಜಕ್ಕತಳ. ಬಡಗರ ಹಟ್ಟಿಯ ಹೆಸರು ಅದು. ಈಗಲೂ ಪಕ್ಕದ ಜಗತಳದಲ್ಲಿ ಅದೇ ಹೆಸರು ಉಳಿದುಕೊಂಡಿದೆ. 1860ರಲ್ಲಿ ಅದನ್ನು ವೆಲ್ಲಿಂಗ್ಟನ್ ಎಂದು ಬದಲಾಯಿಸಿದರು. ಯಾವ ವೆಲ್ಲಿಂಗ್ಟನ್? 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದು, ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ. ಅವನೇ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಕನ್ನಡ ಮಾತಾಡುವ ನಮಗೆ ಈ ಹೆಸರಿನಲ್ಲಿ ಹೀಗೊಂದು ಹಳೆಯ ಲೆಕ್ಕ ಇದೆ.

ಮದ್ರಾಸ್ ರೆಜಿಮೆಂಟ್ ತನ್ನ ಮೂಲವನ್ನು 1758ರಿಂದ ಎಣಿಸುತ್ತದೆ. ಭಾರತೀಯ ಸೇನೆಯ ಅತ್ಯಂತ ಹಳೆಯ ಕಾಲಾಳು ಪಡೆ. ಅದರ ತರಬೇತಿ ಕೇಂದ್ರ ವೆಲ್ಲಿಂಗ್ಟನ್‌ನಲ್ಲಿ ನೆಲೆ ಊರಿದ್ದು 1947ರಲ್ಲಿ. ಬೆಂಗಳೂರಿನ ಹಲಸೂರು ಕೆರೆ ಬಳಿ ಇರುವ ಎಂ.ಇ.ಜಿ. ಬೇರೆ, ಇದು ಬೇರೆ. ಅದು ಸೇನೆಯ ಎಂಜಿನಿಯರ್ ಪಡೆ. ಇಬ್ಬರನ್ನೂ ಜನ 'ಮದ್ರಾಸಿ'ಗಳು ಅಂತಲೇ ಕರೆಯುವುದರಿಂದ ಗೊಂದಲ ಆಗುವುದುಂಟು.

ಈ ರೆಜಿಮೆಂಟ್‌ಗೆ ದಕ್ಷಿಣದ ಎಲ್ಲ ರಾಜ್ಯಗಳಿಂದ ಹುಡುಗರು ಸೇರುತ್ತಾರೆ. ಸ್ವಾತಂತ್ರ್ಯದ ನಂತರ ತಿರುವಾಂಕೂರಿನ ನಾಯರ್ ಪಡೆ, ಮೈಸೂರು ಮಹಾರಾಜರ ಕಾಲಾಳು ಪಡೆ ಎರಡೂ ಇದರೊಳಗೆ ಸೇರಿಕೊಂಡವು. ಮೈಸೂರಿನ ಆ ಪಡೆಯೇ ಇಂದಿನ 18ನೇ ಮದ್ರಾಸ್ ಬೆಟಾಲಿಯನ್. ತಮಿಳು, ಮಲಯಾಳ, ಕನ್ನಡ, ತೆಲುಗು ಎಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ನಿಲ್ಲುವ ಜಾಗ ಅದು. ನಮ್ಮ ಗೂಡಲೂರು ಬಸ್ ಸ್ಟ್ಯಾಂಡಿನ ಹಾಗೆಯೇ ಅನ್ನಿ, ಆದರೆ ಶಿಸ್ತು ಜಾಸ್ತಿ!

ಅದು ದಕ್ಷಿಣದವರ ಕಾಲ

ಎಂ.ಆರ್.ಸಿ. ಗೆದ್ದದ್ದು ಆಕಸ್ಮಿಕ ಎಂದುಕೊಳ್ಳಬೇಡಿ. ಫುಟ್‌ಬಾಲ್ ಎಂದರೆ ಬಂಗಾಳ ಎಂಬ ಮಾತು ಆಗಲೂ ಇತ್ತು. ಆದರೆ ದಂಡು ಇದ್ದ ದಕ್ಷಿಣದ ಊರುಗಳಲ್ಲಿ ಆಟ ಚೆನ್ನಾಗಿ ಬೇರುಬಿಟ್ಟಿತ್ತು. ಬಾಂಬೆಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೇ? ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0ರಿಂದ ಸೋಲಿಸಿದರು. ಮರುವರ್ಷ ಬ್ರಿಟಿಷ್ ಪಡೆಯೊಂದನ್ನು ಸೋಲಿಸಿ ಕಪ್ ಉಳಿಸಿಕೊಂಡರು. 1948ರಲ್ಲಿ ಮೂರನೇ ಸಲ ಗೆದ್ದಾಗ ಸೋತವರು ಮೋಹನ್ ಬಾಗಾನ್.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ ತಂಡ 1946ರಲ್ಲಿ ಒಮ್ಮೆ, 1952ರಲ್ಲಿ ಇನ್ನೊಮ್ಮೆ ಸಂತೋಷ್ ಟ್ರೋಫಿ ಗೆದ್ದಿತು. ಹೈದರಾಬಾದ್ ಪೊಲೀಸ್ ತಂಡವಂತೂ 1950ರಿಂದ 1954ರವರೆಗೆ ಸಾಲಾಗಿ ಐದು ವರ್ಷ ರೋವರ್ಸ್ ಕಪ್ ಯಾರಿಗೂ ಬಿಡಲಿಲ್ಲ.

ಆ ಕಾಲದಲ್ಲೇ ಇನ್ನೊಂದು ಬದಲಾವಣೆ ಆಯಿತು. ಲಂಡನ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆಮೇಲೆ ಬೂಟು ಕಡ್ಡಾಯವಾಯಿತು. ಬೂಟು ಹಾಕಿ ಅಭ್ಯಾಸ ಇಲ್ಲದ ಕ್ಲಬ್ ಆಟಗಾರರಿಗೆ ಇದು ಕಷ್ಟ. ಸೈನಿಕನಿಗೆ? ಬೆಳಗ್ಗೆ ಎದ್ದರೆ ಬೂಟು, ರಾತ್ರಿ ಮಲಗುವಾಗ ಬಿಚ್ಚಿದರೆ ಉಂಟು. ಫುಟ್‌ಬಾಲ್ ಬೂಟು ಬೇರೆಯೇ ಆದರೂ, ಆ ಕಾಲು ಬೂಟಿಗೆ ಒಗ್ಗಿದ ಕಾಲು.

1955: ಮೊದಲ ಕಪ್

1955ರ ಡ್ಯುರಾಂಡ್ ಫೈನಲ್ ತಲುಪಿದ ಎರಡೂ ತಂಡಗಳು ಸಮವಸ್ತ್ರದವರದ್ದೇ. ಒಂದು ಕಡೆ ಭಾರತೀಯ ವಾಯುಪಡೆ, ಇನ್ನೊಂದು ಕಡೆ ಎಂ.ಆರ್.ಸಿ. ಐದು ಗೋಲು ಕಂಡ ಆ ಪಂದ್ಯವನ್ನು ವೆಲ್ಲಿಂಗ್ಟನ್‌ನವರು 3-2ರಿಂದ ಗೆದ್ದರು. ಸ್ವಾತಂತ್ರ್ಯದ ನಂತರ ಡ್ಯುರಾಂಡ್ ಗೆದ್ದ ಮೊದಲ ಸೇನಾ ತಂಡ ನಮ್ಮ ಬೆಟ್ಟದ್ದಾಯಿತು.

ಒಂದು ಮಾತು ಯೋಚಿಸಿ. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್‌ಗಳಿಗೆ ಒಂದು ಮಹಾನಗರವೇ ಬೆನ್ನಿಗಿತ್ತು. ಸಾವಿರಾರು ಜನ ಟಿಕೆಟ್ ಕೊಂಡು ಬರುತ್ತಿದ್ದರು. ದೇಶದ ಯಾವ ಮೂಲೆಯಲ್ಲಿ ಒಳ್ಳೆಯ ಆಟಗಾರ ಕಂಡರೂ ಕರೆಸಿಕೊಳ್ಳುವ ಶಕ್ತಿ ಅವುಗಳಿಗಿತ್ತು. ಎಂ.ಆರ್.ಸಿ.ಗೆ ಇದ್ದದ್ದು ತರಬೇತಿಗೆ ಬಂದ ಸೈನಿಕರು, ಸಂಜೆಯ ಆಟದ ಹೊತ್ತು, ಒಂದು ಮೈದಾನ. ಇಷ್ಟರಲ್ಲೇ ಅವರು ಆ ದೊಡ್ಡ ತಂಡಗಳು ಆಡುವ ಟೂರ್ನಿ ಗೆದ್ದರು.

ಮುಂದೆ ಆಡುತ್ತಿದ್ದವನು ಹಿಂದೆ ನಿಂತ

ಆ ತಂಡದ ಒಬ್ಬ ಆಟಗಾರನ ಬಗ್ಗೆ ಹೇಳಲೇಬೇಕು. ಪೀಟರ್ ತಂಗರಾಜ್. 1935ರ ಡಿಸೆಂಬರ್ 24ರಂದು, ಕ್ರಿಸ್ಮಸ್‌ನ ಹಿಂದಿನ ದಿನ, ಹೈದರಾಬಾದಿನಲ್ಲಿ ಹುಟ್ಟಿದವರು. ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಎಂಬ ಸಣ್ಣ ಕ್ಲಬ್‌ಗಳಲ್ಲಿ ಆಡಿ, 1953ರಲ್ಲಿ ಸೇನೆಗೆ ಸೇರಿ ವೆಲ್ಲಿಂಗ್ಟನ್‌ಗೆ ಬಂದರು.

ಇಲ್ಲಿಗೆ ಬಂದಾಗ ಅವರು ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವ ಜಾಗ, ಎಲ್ಲರೂ ಬಯಸುವ ಜಾಗ. ಎಂ.ಆರ್.ಸಿ.ಯಲ್ಲೇ ಅವರು ಅದನ್ನು ಬಿಟ್ಟು ಗೋಲ್‌ಕೀಪರ್ ಆದರು. ನಮ್ಮ ಕಡೆ ಸೆವೆನ್ಸ್ ಆಡುವಾಗ ಕೀಪರ್ ನಿಲ್ಲಲು ಯಾರಿಗೂ ಇಷ್ಟ ಇಲ್ಲ, ಚಿಕ್ಕ ಹುಡುಗನನ್ನೋ ಓಡಲಾಗದವನನ್ನೋ ನಿಲ್ಲಿಸುತ್ತೇವೆ. ಆದರೆ ಎತ್ತರದ ಆಳಾಗಿದ್ದ ತಂಗರಾಜ್‌ಗೆ ತಮ್ಮ ನಿಜವಾದ ಜಾಗ ಸಿಕ್ಕಿದ್ದು ಆ ಎರಡು ಕಂಬಗಳ ನಡುವೆಯೇ.

ಅಲ್ಲಿಂದ ಮುಂದಿನದು ಇತಿಹಾಸ. 1955 ಮತ್ತು 1958ರ ಎರಡೂ ಡ್ಯುರಾಂಡ್ ಗೆಲುವಿನಲ್ಲಿ ಅವರಿದ್ದರು. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿದ್ದರು. ಇವತ್ತಿಗೂ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ನಮ್ಮ ದೇಶದ ಅತಿದೊಡ್ಡ ಸಾಧನೆ ಅದೇ. 1958ರಲ್ಲಿ ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಎಂದು ಹೆಸರಾದರು. 1960ರಲ್ಲಿ ರೋಮ್ ಒಲಿಂಪಿಕ್ಸ್. ಅದೇ ವರ್ಷ ಸರ್ವಿಸಸ್ ತಂಡ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಾಗ ಅದರ ಮುಂದಾಳು ಇವರೇ. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಾಗ ಗೋಲು ಕಾದವರೂ ಇವರೇ. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಇಷ್ಟೆಲ್ಲದರ ಮೊದಲ ಮೆಟ್ಟಿಲು ಇದ್ದದ್ದು ನಮ್ಮ ಜಿಲ್ಲೆಯಲ್ಲಿ.

ತೆಳು ಗಾಳಿಯ ಲೆಕ್ಕ

ನಾವು ಬಿಎಸ್ಸಿ ಓದಿದವರು, ಆದ್ದರಿಂದ ಇಲ್ಲಿ ಸ್ವಲ್ಪ ವಿಜ್ಞಾನ ಸೇರಿಸದೆ ಬಿಡುವುದಿಲ್ಲ. 6,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 80 ಶೇಕಡಾ ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಒಂದು ಉಸಿರಿಗೆ ಸಿಗುವ ಪ್ರಮಾಣ ಕಡಿಮೆ. ಅದಕ್ಕೇ ಕೆಳಗಿನಿಂದ ಬಂದ ನೆಂಟರು ನಮ್ಮ ಏರು ಹತ್ತುವಾಗ ಏದುಸಿರು ಬಿಡುತ್ತಾರೆ.

ಕೆಲವು ವಾರ ಇಲ್ಲೇ ಇದ್ದರೆ ದೇಹ ಹೊಂದಿಕೊಳ್ಳುತ್ತದೆ. ಆಮ್ಲಜನಕ ಕಡಿಮೆ ಎಂದು ಮೂತ್ರಪಿಂಡಕ್ಕೆ ತಿಳಿಯುತ್ತದೆ. ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಹೆಚ್ಚು ಬಿಡುತ್ತದೆ. ಆ ಹಾರ್ಮೋನು ಮೂಳೆಯೊಳಗಿನ ಮಜ್ಜೆಗೆ ಹೋಗಿ ಕೆಂಪು ರಕ್ತಕಣ ಹೆಚ್ಚಿಸು ಎನ್ನುತ್ತದೆ. ಹೀಗೆ ತಯಾರಾದ ಆಟಗಾರ ಕೆಳಗೆ ಇಳಿದಾಗ ಅವನ ದಮ್ಮು ಸ್ವಲ್ಪ ಜಾಸ್ತಿಯೇ ಇರುತ್ತದೆ. ದೆಹಲಿ ಇರುವುದು 700 ಅಡಿಯ ಆಸುಪಾಸಿನಲ್ಲಿ.

ಆದರೆ ಅದರಿಂದಲೇ ಕಪ್ ಬಂತು ಎಂದರೆ ತಪ್ಪಾಗುತ್ತದೆ. ಹಾಗಿದ್ದರೆ ನಮ್ಮ ಜಿಲ್ಲೆಗೆ ಪ್ರತಿ ವರ್ಷ ಕಪ್ ಬರಬೇಕಿತ್ತು! ಎತ್ತರಕ್ಕೆ ಅದರದ್ದೇ ತೊಂದರೆಯೂ ಇದೆ. ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹೋಗುತ್ತದೆ, ಕೆಳಗೆ ಹೋದಾಗ ಅದೇ ಒದೆತಕ್ಕೆ ಚೆಂಡು ಬೇಗ ಬೀಳುತ್ತದೆ. ಲೆಕ್ಕ ಮತ್ತೆ ಹೊಸದಾಗಿ ಕಲಿಯಬೇಕು. ಬೆಟ್ಟ ದಮ್ಮು ಕೊಡಬಹುದು, ಪಾಸ್ ಕೊಡುವುದನ್ನು ಮೈದಾನದಲ್ಲಿ ಒಟ್ಟಿಗೆ ಬೆವರು ಸುರಿಸಿಯೇ ಕಲಿಯಬೇಕು. ಬೇರೆ ಬೇರೆ ಭಾಷೆಯ ಹನ್ನೊಂದು ಜನ ಒಂದೇ ಬ್ಯಾರಕ್‌ನಲ್ಲಿ ಮಲಗಿ, ಒಂದೇ ಹೊತ್ತಿಗೆ ಎದ್ದು, ಒಟ್ಟಿಗೆ ಓಡಿದ್ದೇ ದೊಡ್ಡ ಕಾರಣ ಎಂದು ನಮಗೆ ಅನಿಸುತ್ತದೆ.

1958: ಬೆಟ್ಟದವರ ಎದುರು ಬೆಟ್ಟದವರು

1956ರಲ್ಲಿ ಕಪ್ ಈಸ್ಟ್ ಬೆಂಗಾಲ್‌ಗೆ ಹೋಯಿತು, 1957ರಲ್ಲಿ ಹೈದರಾಬಾದ್ ಪೊಲೀಸರಿಗೆ. 1958ರ ಫೈನಲ್‌ನಲ್ಲಿ ಎಂ.ಆರ್.ಸಿ. ಎದುರು ನಿಂತದ್ದು ಗೂರ್ಖಾ ಬ್ರಿಗೇಡ್. ನೀಲಗಿರಿಯ ತಂಡಕ್ಕೆ ಹಿಮಾಲಯದ ಮಕ್ಕಳೇ ಎದುರಾಳಿ. ನಮ್ಮವರು 2-0ರಿಂದ ಗೆದ್ದರು. 1956ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರು ಹೊಸದಾಗಿ ಒಂದು ಕಪ್ ಕೊಟ್ಟಿದ್ದರು. ಹಾಗಾಗಿ ಈ ಸಲ ಗೆದ್ದವರಿಗೆ ಮೂರು ಟ್ರೋಫಿ: ಡ್ಯುರಾಂಡ್ ಕಪ್, ಶಿಮ್ಲಾ ಟ್ರೋಫಿ ಮತ್ತು ರಾಷ್ಟ್ರಪತಿ ಕಪ್.

ಅದಾದ ಮೇಲೆ ಎಂ.ಆರ್.ಸಿ. ಹೆಸರು ಡ್ಯುರಾಂಡ್ ವಿಜೇತರ ಪಟ್ಟಿಯಲ್ಲಿ ಮತ್ತೆ ಬರಲಿಲ್ಲ.

ಯಾಕೆ? ತಂಗರಾಜ್ 1960ರಲ್ಲಿ ಸೇನೆ ಬಿಟ್ಟು ಕಲ್ಕತ್ತೆಗೆ ಹೋದರು. ಮೊದಲು ಮೊಹಮ್ಮಡನ್ ಸ್ಪೋರ್ಟಿಂಗ್, ಆಮೇಲೆ ಮೋಹನ್ ಬಾಗಾನ್, ಕೊನೆಗೆ ಈಸ್ಟ್ ಬೆಂಗಾಲ್. ಅದರಲ್ಲಿ ತಪ್ಪೇನೂ ಇಲ್ಲ, ದೊಡ್ಡ ಆಟಗಾರನಿಗೆ ದೊಡ್ಡ ಅಂಗಳ ಬೇಕು. ಆದರೆ ಸಣ್ಣ ಊರಿನ ತಂಡಗಳು ಬೆಳೆಸುವುದು, ದೊಡ್ಡ ಊರಿನ ಕ್ಲಬ್‌ಗಳು ಕರೆದೊಯ್ಯುವುದು ಆಗಲೇ ಶುರುವಾಗಿತ್ತು. ಎರಡನೆಯದು, ಸೇನಾ ತಂಡದ ಸ್ವಭಾವ. ಅದಕ್ಕೆ ಆಟವೇ ಕಸುಬಲ್ಲ. ಇಂದು ಒಟ್ಟಿಗೆ ಆಡಿದವರಿಗೆ ನಾಳೆ ಬೇರೆ ಬೇರೆ ಪೋಸ್ಟಿಂಗ್. 1962ರಲ್ಲಿ ಚೀನಾ ಜೊತೆ ಯುದ್ಧ, 1965ರಲ್ಲಿ ಮತ್ತು 1971ರಲ್ಲಿ ಪಾಕಿಸ್ತಾನದ ಜೊತೆ. ಕಪ್ ಗೆಲ್ಲುವುದಕ್ಕಿಂತ ದೊಡ್ಡ ಕೆಲಸಗಳು ಆ ಹುಡುಗರ ಹೆಗಲ ಮೇಲಿದ್ದವು.

ತಂಗರಾಜ್ 1971ರಲ್ಲಿ ಆಟ ನಿಲ್ಲಿಸಿದರು. ಮುಂದೆ ಬೊಕಾರೊದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾ ಬದುಕಿದರು. 2008ರ ನವೆಂಬರ್ 24ರಂದು ಅಲ್ಲೇ ತೀರಿಕೊಂಡರು.

ಗ್ರೀಸಿನವರು ಹೇಗೆ ನೆನಪಿಡುತ್ತಾರೆ

ಇಲ್ಲಿ ಸ್ವಲ್ಪ ದೂರದ ಊರಿಗೆ ಹೋಗಿ ಬರೋಣ. ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಎಇಕೆ ಎಂಬ ಕ್ಲಬ್ ಇದೆ. ಅದರ ಹೆಸರಿನ ಕೊನೆಯ ಅಕ್ಷರ 'ಕೆ' ಎಂದರೆ ಕಾನ್‌ಸ್ಟಾಂಟಿನೋಪಲ್, ಇಂದಿನ ಇಸ್ತಾಂಬುಲ್. ಅಥೆನ್ಸಿನ ಕ್ಲಬ್‌ಗೆ ಟರ್ಕಿಯ ಊರಿನ ಹೆಸರು ಯಾಕೆ?

1922ರಲ್ಲಿ ಗ್ರೀಸ್ ಮತ್ತು ಟರ್ಕಿ ನಡುವಿನ ಯುದ್ಧ ಮುಗಿದಾಗ, ಟರ್ಕಿ ಕಡೆ ತಲೆಮಾರುಗಳಿಂದ ಬಾಳಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಗ್ರೀಕ್ ಕ್ರೈಸ್ತರು ಮನೆ ಬಿಟ್ಟು ಗ್ರೀಸಿಗೆ ಬರಬೇಕಾಯಿತು. ಗ್ರೀಸಿನಿಂದ ಲಕ್ಷಾಂತರ ಮುಸ್ಲಿಮರು ಹಾಗೆಯೇ ಆ ಕಡೆ ಹೋಗಬೇಕಾಯಿತು. ಕಾನ್‌ಸ್ಟಾಂಟಿನೋಪಲ್ ಬಿಟ್ಟು ಬಂದ ಕೆಲವರು 1924ರಲ್ಲಿ ಎಇಕೆ ಕಟ್ಟಿದರು. ಥೆಸಲೋನಿಕಿಯಲ್ಲಿ ಅಂಥವರೇ 1926ರಲ್ಲಿ ಪಾವೊಕ್ ಕ್ಲಬ್ ಕಟ್ಟಿದರು. ಸ್ಮಿರ್ನಾ ನಗರದಲ್ಲಿ 1890ರಲ್ಲೇ ಹುಟ್ಟಿದ್ದ ಪಾನಿಯೋನಿಯೋಸ್ ಕ್ಲಬ್ ತನ್ನ ಊರು ಸುಟ್ಟುಹೋದ ಮೇಲೆ ಅಥೆನ್ಸಿಗೆ ಬಂದು ಮತ್ತೆ ಬೇರೂರಿತು.

ಎಇಕೆ 1932ರಲ್ಲಿ ಮೊಟ್ಟಮೊದಲ ಗ್ರೀಕ್ ಕಪ್ ಗೆದ್ದಿತು. ಆಮೇಲೆ ಏಳು ಬೀಳು ಎಲ್ಲ ನೋಡಿತು. 2003ರಲ್ಲಿ ಅದರ ಹಳೆಯ ಸ್ಟೇಡಿಯಂ ಕೆಡವಿದರು. 2013ರಲ್ಲಿ ಸಾಲದಲ್ಲಿ ಮುಳುಗಿ ಮೂರನೇ ದರ್ಜೆಗೆ ಇಳಿದು ಮೊದಲಿನಿಂದ ಶುರುಮಾಡಿತು. 2018ರಲ್ಲಿ ಮತ್ತೆ ಚಾಂಪಿಯನ್ ಆಯಿತು. 2022ರಲ್ಲಿ ಅದೇ ಹಳೆಯ ಜಾಗದಲ್ಲಿ ಹೊಸ ಸ್ಟೇಡಿಯಂ ತೆರೆದು, ಅಜ್ಜಂದಿರು ಬಿಟ್ಟು ಬಂದ ಊರಿನ ಮಹಾದೇವಾಲಯ ಅಯಾ ಸೋಫಿಯಾದ ಹೆಸರಿಟ್ಟರು. ನೂರು ವರ್ಷವಾದರೂ ಅವರ ಅಂಗಿಯ ಮೇಲೆ ಅದೇ ಎರಡು ತಲೆಯ ಹದ್ದು ಇದೆ.

ನಮ್ಮ ಗೂಡಲೂರಿನವರಿಗೆ ಈ ಕಥೆ ಹೊಸದಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಹಡಗು ಹತ್ತಿ ಬಂದು ಟೀ ತೋಟ ಸೇರಿದ ಕುಟುಂಬಗಳು ನಮ್ಮ ನಡುವೆಯೇ ಇವೆ. ಬಿಟ್ಟು ಬಂದ ಊರನ್ನು ನೆನಪಿಟ್ಟುಕೊಳ್ಳುವುದು ಎಂದರೇನು ಎಂದು ಅವರ ಮನೆಯ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವ್ಯತ್ಯಾಸ ಇಷ್ಟೇ. ಎಇಕೆಯ ಕಥೆಯನ್ನು ಮನೆಮನೆಯಲ್ಲಿ ಹೇಳುತ್ತಾ ಬಂದರು, ಅದು ಉಳಿಯಿತು. ಎಂ.ಆರ್.ಸಿ. ತಂಡಕ್ಕೆ ಊರಿನ ಅಭಿಮಾನಿ ಬಳಗ ಇರಲಿಲ್ಲ. ಆಡಿದವರು ಸೇವೆ ಮುಗಿಸಿ ಕೊಲ್ಲಂ, ತಿರುನೆಲ್ವೇಲಿ, ಹಾಸನ, ಗುಂಟೂರು ಎಂದು ತಮ್ಮ ತಮ್ಮ ಊರಿನ ಕಡೆ ಚದುರಿಹೋಗುವವರು. ಕಪ್ ಗೆದ್ದ ವರ್ಷ ಪಟ್ಟಿಯಲ್ಲಿ ಉಳಿಯಿತು. ತಂಗರಾಜ್ ಹೆಸರು ದೇಶಕ್ಕೆ ಗೊತ್ತು. ಅವರ ಮುಂದೆ ನಿಂತು ಆಡಿದ ಉಳಿದ ಹತ್ತು ಜನರನ್ನು ನಮ್ಮ ಜಿಲ್ಲೆಯಲ್ಲೇ ಯಾರೂ ಮಾತಾಡುವುದಿಲ್ಲ.

ನಾವು ಏನು ಮಾಡಬಹುದು?

1955ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಮೇಲಿನ ಪ್ರಾಯ. ಸಮಯ ಜಾಸ್ತಿ ಇಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಸೈನಿಕರಿದ್ದಾರೆ. ವೆಲ್ಲಿಂಗ್ಟನ್, ಕುನ್ನೂರು, ಅರುವಂಕಾಡು ಕಡೆ ದುಡಿದು ಬಂದ ತಾತಂದಿರಿದ್ದಾರೆ. ಪೂಜೆ ಮುಗಿದ ಮೇಲೆ ಅವರ ಹತ್ತಿರ ಕುಳಿತು ಮೂರು ಪ್ರಶ್ನೆ ಕೇಳೋಣ. ತಾತಾ, ನೀವು ಎಂ.ಆರ್.ಸಿ. ತಂಡದ ಆಟ ನೋಡಿದ್ದೀರಾ? ಯಾರು ಯಾರ ಹೆಸರು ನೆನಪಿದೆ? ಹಳೆಯ ಫೋಟೋ ಏನಾದರೂ ಮನೆಯಲ್ಲಿದೆಯಾ?

ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಹೆಸರು, ವರ್ಷ, ಊರು ಬರೆದಿಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿ ಕೇಳಿ ಸರಿನೋಡಿ. ಫೋಟೋ ಸಿಕ್ಕರೆ ಅದನ್ನು ತೆಗೆದುಕೊಂಡು ಬರಬೇಡಿ, ಫೋನಿನಲ್ಲಿ ಚಿತ್ರ ತೆಗೆದುಕೊಂಡು ಅಲ್ಲೇ ವಾಪಸ್ ಕೊಡಿ. ಸಿಕ್ಕಿದ್ದನ್ನೆಲ್ಲ ನಮಗೆ ಕಳಿಸಿ, ಇಲ್ಲಿ ಸೇರಿಸಿ ಇಡೋಣ. ಒಂದೇ ಒಂದು ಹೆಸರು ಸಿಕ್ಕರೂ ಸಾಕು.

ಇನ್ನೊಂದು ಮಾತು, ಆಡುವ ತಮ್ಮಂದಿರಿಗೆ, ತಂಗಿಯರಿಗೆ. ಮುಂದಿನ ಭಾನುವಾರ ತಂಡ ಹಂಚುವಾಗ ಕೀಪರ್ ನಿಲ್ಲು ಎಂದರೆ ಮುಖ ಸಣ್ಣದು ಮಾಡಬೇಡಿ. ನಮ್ಮ ಬೆಟ್ಟಕ್ಕೆ ಫಾರ್ವರ್ಡ್ ಆಗಿ ಬಂದ ಹುಡುಗನೊಬ್ಬ ಗೋಲು ಕಾಯಲು ನಿಂತು ಏಷ್ಯಾಕ್ಕೇ ಮೊದಲಿಗನಾದ.

ನಿಮ್ಮ ಊರಿನ ತಾತಂದಿರ ಮಾತಿಗೆ ನಾವು ಕಾಯುತ್ತಿರುತ್ತೇವೆ.